ಬ್ಯಾಂಕಾಕಿನ ಬೌದ್ಧ ದೇವಾಲಯಗಳು: ಒಬ್ಬರೇ ಹೋದಾಗ ಯಾವುದನ್ನು ನೋಡಬೇಕು, ಯಾವುದನ್ನು ಬಿಡಬಹುದು

ಬೆಂಗಳೂರಿನಿಂದ ನೇರ ವಿಮಾನದಲ್ಲಿ ಬ್ಯಾಂಕಾಕ್ ಸುಮಾರು ನಾಲ್ಕು ಗಂಟೆಯ ದಾರಿ. ಒಬ್ಬರೇ ಹೋಗಿಬರುವುದು ಈಗ ದೊಡ್ಡ ಸಾಹಸವೇನೂ ಅಲ್ಲ. ಅಲ್ಲಿ ಇಳಿದ ಮೇಲೆ ಎದುರಾಗುವ ಪ್ರಶ್ನೆಯೇ ಬೇರೆ. ನಗರದಲ್ಲಿ ಬೌದ್ಧ ದೇವಾಲಯಗಳು ನೂರಾರು ಇವೆ, ಕೈಯಲ್ಲಿರುವುದು ಒಂದೋ ಎರಡೋ ದಿನ, ಊರು ಹೊಸದು, ಭಾಷೆ ತಿಳಿಯದು, ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೇ ಬಿಸಿಲು ಏರಿಬಿಡುತ್ತದೆ. ಪ್ರವಾಸದ ಪಟ್ಟಿಗಳು ಸಾಮಾನ್ಯವಾಗಿ ಪ್ರಸಿದ್ಧಿಯ ಕ್ರಮದಲ್ಲಿ ಹೆಸರುಗಳನ್ನು ಜೋಡಿಸುತ್ತವೆ. ಆದರೆ ಒಬ್ಬರೇ ಹೋಗುವವರಿಗೆ ಪ್ರಸಿದ್ಧಿಗಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಜೊತೆಗಾರರು ಅವಸರಪಡಿಸುವುದಿಲ್ಲವಾದ್ದರಿಂದ ಒಂದು ಪ್ರತಿಮೆಯ ಎದುರು ಅರ್ಧ ಗಂಟೆ ಸುಮ್ಮನೆ ಕೂರುವ ಅವಕಾಶ ಅವರಿಗೆ ಮಾತ್ರ ಸಿಗುತ್ತದೆ. ಆ ಅವಕಾಶವನ್ನು ಯಾವ ದೇವಾಲಯ ಉಳಿಸಿಕೊಡುತ್ತದೆ, ಯಾವುದು ಕಸಿದುಕೊಳ್ಳುತ್ತದೆ ಎಂಬುದನ್ನೇ ಮುಖ್ಯವಾಗಿಟ್ಟುಕೊಂಡು ಇಲ್ಲಿ ಹೋಲಿಸಿದ್ದೇನೆ.

ಮೊದಲು ಊರಿನ ನಕ್ಷೆಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. 1782ರಲ್ಲಿ ಒಂದನೆಯ ರಾಮ ಎಂದು ಕರೆಯಲಾಗುವ ದೊರೆ ರಾಜಧಾನಿಯನ್ನು ಚಾವೋ ಫ್ರಯಾ ನದಿಯ ಪೂರ್ವ ದಡಕ್ಕೆ ತಂದನು. ಇಂದು ಹಳೆಯ ಪಟ್ಟಣ ಎನಿಸಿಕೊಂಡಿರುವುದು ಆಗ ಕಟ್ಟಿದ ಭಾಗ. ಇಲ್ಲಿನ ಮುಖ್ಯ ದೇವಾಲಯಗಳು ಎರಡು ಗುಂಪುಗಳಾಗಿ ಬೀಳುತ್ತವೆ. ಥಾಯ್ ಭಾಷೆಯಲ್ಲಿ ವಾಟ್ ಎಂದರೆ ದೇವಾಲಯ. ನದಿಯ ಬದಿಯಲ್ಲಿ ಅರಮನೆಯ ಆವರಣದೊಳಗಿನ ವಾಟ್ ಫ್ರಾ ಕೇವ್, ಅದರ ದಕ್ಷಿಣಕ್ಕೆ ವಾಟ್ ಫೋ, ಎದುರು ದಡದಲ್ಲಿ ವಾಟ್ ಅರುಣ್ ಇವೆ. ನದಿಯಿಂದ ಒಳಕ್ಕೆ ಒಂದೂವರೆ ಕಿಲೋಮೀಟರಿನಷ್ಟು ನಡೆದರೆ ವಾಟ್ ಸುತಾತ್, ಅಲ್ಲಿಂದ ಮುಂದೆ ಲೋಹ ಪ್ರಾಸಾದ ಮತ್ತು ವಾಟ್ ಸಕೇತಿನ ಬಂಗಾರದ ಗುಡ್ಡ ಸಿಗುತ್ತವೆ. ಉಳಿದವು ಚದುರಿಕೊಂಡಿವೆ. ಎರಡು ಗುಂಪುಗಳನ್ನು ಒಂದೇ ದಿನದಲ್ಲಿ ಪೂರ್ತಿ ಮುಗಿಸುತ್ತೇನೆಂದು ಹೊರಟರೆ ಸಂಜೆಯ ಹೊತ್ತಿಗೆ ಕಣ್ಣಲ್ಲಿ ಬರಿಯ ಚಿನ್ನದ ಬಣ್ಣ ಮಾತ್ರ ಉಳಿಯುತ್ತದೆ. ಆದ್ದರಿಂದ ಆಯ್ಕೆ ಮಾಡಲೇಬೇಕು.

ಪಚ್ಚೆ ಬುದ್ಧನೋ, ಮಲಗಿದ ಬುದ್ಧನೋ

ಹೆಚ್ಚಿನವರ ಮೊದಲ ಗೊಂದಲ ಇದೇ. ಎರಡೂ ಹತ್ತಿರದಲ್ಲೇ ಇವೆ, ಎರಡಕ್ಕೂ ಟಿಕೆಟ್ ಅಗ್ಗವಲ್ಲ: ವಿದೇಶಿಯರಿಗೆ ಅರಮನೆ ಮತ್ತು ವಾಟ್ ಫ್ರಾ ಕೇವ್ ಸೇರಿ 500 ಬಾಟ್, ವಾಟ್ ಫೋಗೆ 300 ಬಾಟ್.

ವಾಟ್ ಫ್ರಾ ಕೇವ್ ಥಾಯ್ ರಾಜಮನೆತನದ ದೇವಾಲಯ. ಅಲ್ಲಿ ಭಿಕ್ಷುಗಳು ವಾಸಿಸುವುದಿಲ್ಲ ಎಂಬುದು ಬೇರೆ ದೇವಾಲಯಗಳಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ. ಪಚ್ಚೆ ಬುದ್ಧ ಎಂಬ ಹೆಸರಿದ್ದರೂ ಮೂರ್ತಿ ಹಸಿರು ಶಿಲೆಯದು, ಎತ್ತರ ಸುಮಾರು 66 ಸೆಂಟಿಮೀಟರ್. ಅದು ಬಹಳ ಎತ್ತರದ ಚಿನ್ನದ ಪೀಠದ ಮೇಲೆ ಕುಳಿತಿದೆ. ಬೇಸಿಗೆ, ಮಳೆಗಾಲ, ಚಳಿಗಾಲಗಳಿಗೆ ಬೇರೆ ಬೇರೆಯಾದ ಮೂರು ಉಡುಪುಗಳಿದ್ದು, ಋತು ತಿರುಗಿದಾಗ ಅವುಗಳನ್ನು ಬದಲಾಯಿಸುವ ವಿಧಿಯನ್ನು ದೊರೆಯೇ ನೆರವೇರಿಸುತ್ತಾನೆ. 1779ರಲ್ಲಿ ಲಾವೋಸಿನ ವಿಯೆಂಟಿಯಾನ್ ನಗರದಿಂದ ಯುದ್ಧದ ಗೆಲುವಿನೊಂದಿಗೆ ತಂದ ಈ ಮೂರ್ತಿಯನ್ನು ಥಾಯ್ ಜನರು ನಾಡಿನ ರಕ್ಷಕನೆಂದೇ ನಂಬುತ್ತಾರೆ. ಒಳಗೆ ಫೋಟೊ ತೆಗೆಯುವಂತಿಲ್ಲ. ಬಾಗಿಲಿನಿಂದ ಒಳಗೆ ಬರುವವರ ಹೊಳೆ ನಿಲ್ಲುವುದೇ ಇಲ್ಲವಾದ್ದರಿಂದ ನೆಲದ ಮೇಲೆ ಕುಳಿತರೂ ಮನಸ್ಸು ನೆಲೆ ನಿಲ್ಲುವುದು ಕಷ್ಟ.

ಆದರೂ ಈ ದೇವಾಲಯವನ್ನು ಬಿಡಬಾರದೆನ್ನಲು ಕನ್ನಡದ ಓದುಗರಿಗೆ ಒಂದು ವಿಶೇಷ ಕಾರಣವಿದೆ. ಅದು ಪಚ್ಚೆ ಬುದ್ಧನಲ್ಲ, ಆವರಣದ ಸುತ್ತಲಿನ ಮೊಗಸಾಲೆ. ಅದರ ಗೋಡೆಯುದ್ದಕ್ಕೂ 178 ಫಲಕಗಳಲ್ಲಿ ಥಾಯ್ ರಾಮಾಯಣವಾದ ರಾಮಕಿಯೆನ್ ಚಿತ್ರಿತವಾಗಿದೆ. ಉತ್ತರದ ಬಾಗಿಲಿನ ಬಳಿ ಆರಂಭವಾಗುವ ಕಥೆಯನ್ನು ಪ್ರದಕ್ಷಿಣೆ ಹಾಕುತ್ತಾ ಓದಬೇಕು. ನಮ್ಮ ಯಕ್ಷಗಾನದಲ್ಲಿ, ತೊಗಲುಗೊಂಬೆಯಾಟದಲ್ಲಿ ಮೈರಾವಣನ ಕಥೆಯನ್ನು ಕಂಡವರಿಗೆ ಅಲ್ಲಿಯ ಒಂದು ಚಿತ್ರವನ್ನು ಗುರುತಿಸಲು ವಿವರಣೆಯ ಫಲಕ ಬೇಕಾಗುವುದಿಲ್ಲ. ಬೆಳ್ಳನೆಯ ಬೃಹದಾಕಾರದ ಹನುಮಂತ ರಾಮನ ಬಿಡಾರವನ್ನು ಇಡಿಯಾಗಿ ತನ್ನ ಬಾಯಿಯೊಳಗೆ ಇಟ್ಟುಕೊಂಡು ಕಾವಲು ಕುಳಿತಿದ್ದಾನೆ. ನಮ್ಮಲ್ಲಿ ಬಾಲವನ್ನೇ ಕೋಟೆಯಾಗಿ ಸುತ್ತುವ ಹನುಮಂತ ಅಲ್ಲಿ ಬಾಯಿಯನ್ನೇ ಕೋಟೆ ಮಾಡಿಕೊಂಡಿದ್ದಾನೆ. ಎರಡೂ ಕಡೆ ಮೈರಾವಣ ನುಸುಳಿಬಂದು ರಾಮನನ್ನು ಪಾತಾಳಕ್ಕೆ ಹೊತ್ತೊಯ್ಯುತ್ತಾನೆ. ಹಾಗೆಯೇ ಅಲ್ಲಿಯ ಹನುಮಂತ ಬ್ರಹ್ಮಚಾರಿಯಲ್ಲ ಎಂಬುದೂ, ಸೇತುವೆಗೆ ಅಡ್ಡಿಪಡಿಸಲು ಬಂದ ರಾವಣನ ಮಗಳಾದ ಮತ್ಸ್ಯಕನ್ಯೆಯನ್ನು ಒಲಿಸಿಕೊಳ್ಳುತ್ತಾನೆ ಎಂಬುದೂ ಗೋಡೆಯ ಮೇಲೆಯೇ ಕಾಣುತ್ತದೆ. ಹೊಳೆಯುವ ಕಂಬ, ಗೋಪುರಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ಜನರು ಈ ಮೊಗಸಾಲೆಗೆ ಅಷ್ಟಾಗಿ ಬರುವುದಿಲ್ಲ. ಚಿತ್ರಗಳ ಮುಂದೆ ನಿಧಾನವಾಗಿ ನಡೆಯಬಲ್ಲವರಿಗೆ 500 ಬಾಟ್ ಸಾರ್ಥಕ. ಒಳಗೆ ಹೋಗಿ ಕೈಮುಗಿದು ಹೊರಬರುವುದಷ್ಟೇ ಉದ್ದೇಶವಾದರೆ ಆ ಹಣ, ಆ ನೂಕುನುಗ್ಗಲು ಎರಡೂ ಹೆಚ್ಚಾಯಿತೆನಿಸುತ್ತದೆ.

ವಾಟ್ ಫೋ ಇದಕ್ಕಿಂತ ಬೇರೆಯೇ ಬಗೆಯದು. ಇಟ್ಟಿಗೆ ಗಾರೆಯಿಂದ ಕಟ್ಟಿ ಚಿನ್ನದ ರೇಕು ಹೊದಿಸಿದ ಮಲಗಿದ ಬುದ್ಧನ ಉದ್ದ 46 ಮೀಟರ್, ಎತ್ತರ 15 ಮೀಟರ್. ಮೂರನೆಯ ರಾಮನ ಕಾಲದಲ್ಲಿ ಕಟ್ಟಿದ ಈ ಮೂರ್ತಿಯ ಸುತ್ತ ಭವನ ಎಷ್ಟು ಬಿಗಿಯಾಗಿದೆಯೆಂದರೆ, ಎಲ್ಲಿ ನಿಂತರೂ ಇಡೀ ಮೂರ್ತಿ ಒಂದೇ ನೋಟಕ್ಕೆ ದಕ್ಕುವುದಿಲ್ಲ. ಕಂಬಗಳ ನಡುವೆ ಮೊದಲು ಮುಖ, ಆಮೇಲೆ ತೋಳು, ಆಮೇಲೆ ಉದ್ದಕ್ಕೆ ಚಾಚಿದ ಮೈ ಎಂದು ತುಣುಕು ತುಣುಕಾಗಿಯೇ ನೋಡುತ್ತಾ ಹೋಗಬೇಕು. ಕೊನೆಗೆ ಪಾದಗಳು ಬರುತ್ತವೆ. ಆಳೆತ್ತರವನ್ನೂ ಮೀರಿದ ಆ ಅಂಗಾಲುಗಳಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಮುತ್ತಿನ ಚಿಪ್ಪನ್ನು ಕೂರಿಸಿ 108 ಮಂಗಳ ಚಿಹ್ನೆಗಳನ್ನು ಚೌಕ ಚೌಕವಾಗಿ ಬರೆದಿದ್ದಾರೆ, ನಡುವೆ ಚಕ್ರವಿದೆ, ಬೆಳಕು ಬದಲಾದಂತೆ ಚಿಪ್ಪು ಒಮ್ಮೆ ಗುಲಾಬಿಯಾಗಿ, ಒಮ್ಮೆ ಹಸಿರಾಗಿ ಕಾಣುತ್ತದೆ. ಮೂರ್ತಿಯ ಬೆನ್ನಿನ ಕಡೆ ಗೋಡೆಯುದ್ದಕ್ಕೂ ಸಾಲಾಗಿಟ್ಟ 108 ಕಂಚಿನ ಬಟ್ಟಲುಗಳಿಗೆ ಭಕ್ತರು ಒಂದೊಂದೇ ನಾಣ್ಯ ಹಾಕುತ್ತಾ ನಡೆಯುತ್ತಾರೆ. ಆ ನಾಣ್ಯಗಳ ಟಣ್ ಟಣ್ ಸದ್ದು ಭವನದ ತುಂಬ ಕೇಳಿಸುತ್ತಿರುತ್ತದೆ.

ಮಲಗಿದ ಬುದ್ಧನನ್ನು ನೋಡಿದೊಡನೆ ಹೊರಟುಬಿಡುವವರೇ ಹೆಚ್ಚು. ಅದರಿಂದಾಗಿಯೇ ಆವರಣದ ಉಳಿದ ಭಾಗ ಒಬ್ಬರೇ ಬಂದವರಿಗೆ ಮೀಸಲಾದಂತೆ ಉಳಿಯುತ್ತದೆ. ಪೂರ್ವದ ಕಡೆಯ ಮುಖ್ಯ ಪ್ರಾರ್ಥನಾ ಮಂದಿರದಲ್ಲಿ ಕುಳಿತ ಬುದ್ಧನ ಪೀಠದೊಳಗೆ ಒಂದನೆಯ ರಾಮನ ಅಸ್ಥಿಯನ್ನು ಇರಿಸಿದ್ದಾರೆ. ಮಂದಿರದ ಹೊರಗೋಡೆಯ ತಳದಲ್ಲಿ ರಾಮಕಿಯೆನ್ ಕಥೆಯ ಅಮೃತಶಿಲೆಯ ಉಬ್ಬುಶಿಲ್ಪಗಳಿವೆ. ಅರಮನೆಯ ಟಿಕೆಟ್ ಬೇಡವೆಂದು ನಿರ್ಧರಿಸಿದವರಿಗೂ ರಾಮಾಯಣ ಪೂರ್ತಿ ತಪ್ಪುವುದಿಲ್ಲ. ಆವರಣದ ಪುಟ್ಟ ಕಲ್ಲುಗುಡ್ಡೆಗಳ ಮೇಲೆ ಕೈಕಾಲು ತಿರುಚಿ ವ್ಯಾಯಾಮದ ಭಂಗಿಯಲ್ಲಿರುವ ಋಷಿಗಳ ಪ್ರತಿಮೆಗಳನ್ನು ಯೋಗಾಸನ ಬಲ್ಲವರು ಬಿಡದೆ ನೋಡಬೇಕು. ವೈದ್ಯ, ಸಾಹಿತ್ಯ, ಧರ್ಮ ಮೊದಲಾದ ವಿದ್ಯೆಗಳನ್ನು ಎಲ್ಲರೂ ಓದಲೆಂದು ಕಲ್ಲಿನಲ್ಲಿ ಕೆತ್ತಿಸಿಟ್ಟ ಇಲ್ಲಿನ ಶಾಸನಗಳನ್ನು ಯುನೆಸ್ಕೊ 2011ರಲ್ಲಿ ವಿಶ್ವ ಸ್ಮೃತಿ ಪಟ್ಟಿಗೆ ಸೇರಿಸಿತು. ಥಾಯ್ ಅಂಗಮರ್ದನ ವಿದ್ಯೆಯ ಹೆಸರಾಂತ ಶಾಲೆಯೂ ಇಲ್ಲಿಯದೇ. ನಡೆದು ದಣಿದವರು ಆವರಣದೊಳಗೇ ಹಣ ಕೊಟ್ಟು ಮೈಕೈ ಒತ್ತಿಸಿಕೊಳ್ಳಬಹುದು.

ಒಂದೇ ದೇವಾಲಯಕ್ಕೆ ಸಮಯವಿದ್ದರೆ ನಾನು ವಾಟ್ ಫೋವನ್ನೇ ಹೇಳುತ್ತೇನೆ. ಅರಮನೆ ಬೆಳಿಗ್ಗೆ 8.30ಕ್ಕೆ ತೆರೆಯುತ್ತದೆ, ಟಿಕೆಟ್ ಮಾರಾಟ ಮಧ್ಯಾಹ್ನ 3.30ಕ್ಕೆ ನಿಲ್ಲುತ್ತದೆ, ಅಲ್ಲಿ ತಡವಾದಷ್ಟೂ ಗದ್ದಲ ಹೆಚ್ಚು. ವಾಟ್ ಫೋ ಸಂಜೆಯವರೆಗೂ ತೆರೆದಿರುತ್ತದೆ, ಮರದ ನೆರಳಿದೆ, ಕೂರಲು ಜಗುಲಿಗಳಿವೆ, ಸನಾಂ ಚೈ ಮೆಟ್ರೊ ನಿಲ್ದಾಣದಿಂದ ಕೆಲವೇ ನಿಮಿಷಗಳ ನಡಿಗೆ. ಎರಡನ್ನೂ ನೋಡುವವರು ಅರಮನೆಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ, ಅದನ್ನು ಮುಗಿಸಿ ಆಮೇಲೆ ವಾಟ್ ಫೋಗೆ ಬರಬೇಕೇ ಹೊರತು ತಿರುವುಮುರುವು ಮಾಡಬಾರದು.

ವಾಟ್ ಅರುಣ್: ಯಾವ ದಡದಿಂದ

ಅರುಣನ ಹೆಸರನ್ನು ಹೊತ್ತ ಈ ದೇವಾಲಯದ ಎತ್ತರದ ನಡುಗೋಪುರವನ್ನು ಎರಡನೆಯ ರಾಮನ ಕಾಲದಲ್ಲಿ ಆರಂಭಿಸಿ ಮೂರನೆಯ ರಾಮನ ಕಾಲದಲ್ಲಿ ಮುಗಿಸಿದರು. ಪಚ್ಚೆ ಬುದ್ಧ ಅರಮನೆಗೆ ಹೋಗುವ ಮೊದಲು ಕೆಲಕಾಲ ಇದ್ದುದು ಇಲ್ಲಿಯೇ. ಇಲ್ಲಿ ಆರಿಸಿಕೊಳ್ಳಬೇಕಾದುದು ನೋಡಬೇಕೋ ಬೇಡವೋ ಎಂಬುದನ್ನಲ್ಲ, ದೂರದಿಂದ ನೋಡಬೇಕೋ ಹತ್ತಿರದಿಂದಲೋ ಎಂಬುದನ್ನು. ಗೋಪುರ ನದಿಯ ಪಶ್ಚಿಮ ದಡದಲ್ಲಿರುವುದರಿಂದ ಸಂಜೆ ಸೂರ್ಯ ಅದರ ಹಿಂದೆ ಇಳಿಯುತ್ತಾನೆ. ಆಗ ಪೂರ್ವ ದಡದಲ್ಲಿ ನಿಂತವರಿಗೆ ಅದರ ಆಕಾರ ಅತ್ಯಂತ ಚೆನ್ನಾಗಿ ಕಾಣುತ್ತದೆ, ಅದಕ್ಕೆ ಒಂದು ಬಾಟ್ ಕೂಡ ಬೇಕಿಲ್ಲ. ಆದರೆ ಗೋಪುರದ ನಿಜವಾದ ಸೊಗಸು ಇರುವುದು ಅದರ ಮೈಯಲ್ಲಿ. ಚೀನಾದ ಪಿಂಗಾಣಿ ತಟ್ಟೆ ಬಟ್ಟಲುಗಳ ಚೂರುಗಳನ್ನು ಗಾರೆಯಲ್ಲಿ ಕೂರಿಸಿ ಹೂವು, ಎಲೆ, ಬಳ್ಳಿಗಳನ್ನು ಮಾಡಿದ್ದಾರೆ. ಹತ್ತಿರ ಹೋದರೆ ಒಂದು ಹೂವಿನ ಎಸಳು ಯಾವುದೋ ತಟ್ಟೆಯ ಅಂಚು ಎಂಬುದು, ಅದರ ಮೇಲಿನ ನೀಲಿ ಗೆರೆ ಇನ್ನೂ ಹಾಗೆಯೇ ಇದೆ ಎಂಬುದು ಕಾಣುತ್ತದೆ. ಮೇಲಿನ ಗೂಡುಗಳಲ್ಲಿ ಐರಾವತದ ಮೇಲೆ ಕುಳಿತ ಇಂದ್ರನಿದ್ದಾನೆ. ಇದನ್ನೆಲ್ಲ ನೋಡಲು ಬೆಳಗಿನ ಬಿಸಿಲೇ ಬೇಕು, ನದಿಯ ಕಡೆಯ ಮುಖಕ್ಕೆ ಆಗ ನೇರ ಬೆಳಕು ಬೀಳುತ್ತದೆ.

ಪ್ರವೇಶ ಶುಲ್ಕ 200 ಬಾಟ್. ವಾಟ್ ಫೋ ಹತ್ತಿರದ ತಾ ತಿಯೆನ್ ದೋಣಿಕಟ್ಟೆಯಿಂದ ನದಿ ದಾಟಿಸುವ ದೋಣಿಗೆ ಕೆಲವೇ ಬಾಟ್. ಗೋಪುರವನ್ನು ತುದಿಯವರೆಗೆ ಹತ್ತಲು ಬಿಡುವುದಿಲ್ಲ. ಬಿಡುವಷ್ಟು ಮೆಟ್ಟಿಲುಗಳೂ ಬಹಳ ಕಡಿದಾಗಿವೆ, ಮಂಡಿನೋವಿನವರು ಕೆಳಗಿನಿಂದಲೇ ಸುತ್ತುಹಾಕುವುದು ಕ್ಷೇಮ. ಬಾಡಿಗೆಯ ಥಾಯ್ ಉಡುಪು ತೊಟ್ಟು ಚಿತ್ರ ತೆಗೆಸಿಕೊಳ್ಳುವವರಿಂದ ಹೊತ್ತೇರಿದಂತೆ ಆವರಣ ತುಂಬಿಹೋಗುತ್ತದೆ. ಸುಮ್ಮನೆ ಕೂರಲು ಇದು ತಕ್ಕ ಜಾಗವಲ್ಲ. ಒಂದೇ ದಿನ ಇರುವವರು ಸಂಜೆ ಎದುರು ದಡದಿಂದ ನೋಡಿ ತೃಪ್ತರಾಗಬಹುದು. ಎರಡನೆಯ ದಿನ ಇದ್ದರೆ ಬೆಳಿಗ್ಗೆ ಬೇಗ ದೋಣಿ ದಾಟಬೇಕು.

ಒಳಪಟ್ಟಣದ ಮೂರು

ಪಟ್ಟಿಗಳಲ್ಲಿ ನಾಲ್ಕನೆಯದೋ ಐದನೆಯದೋ ಆಗಿ ಬರುವ ವಾಟ್ ಸುತಾತ್ ನನ್ನ ಮಟ್ಟಿಗೆ ಒಬ್ಬರೇ ಬಂದವರ ಪಾಲಿನ ಅತ್ಯುತ್ತಮ ದೇವಾಲಯ. ಇಲ್ಲಿಯ ಭವನದಲ್ಲಿ ಕುಳಿತಿರುವ ಶ್ರೀ ಶಾಕ್ಯಮುನಿ ಬುದ್ಧ ಸುಮಾರು 8 ಮೀಟರ್ ಎತ್ತರದ ಕಂಚಿನ ಮೂರ್ತಿ. ಹದಿನಾಲ್ಕನೆಯ ಶತಮಾನದಲ್ಲಿ ಸುಖೋತೈ ನಗರದಲ್ಲಿ ಎರಕ ಹೊಯ್ದದ್ದು, ಒಂದನೆಯ ರಾಮ ಅದನ್ನು ನದಿಯ ಮೂಲಕ ಇಲ್ಲಿಗೆ ತರಿಸಿದನು. ಎತ್ತರದ ಚೌಕಾಕಾರದ ಕಂಬಗಳ ಮೇಲೂ ಗೋಡೆಗಳ ಮೇಲೂ ಒಂದಿಷ್ಟೂ ಜಾಗ ಬಿಡದೆ ಮಂಕು ಕೆಂಪು, ಹಸಿರು ಬಣ್ಣಗಳಲ್ಲಿ ಚಿತ್ರ ತುಂಬಿದ್ದಾರೆ. ಭವನ ವಿಶಾಲವಾಗಿದೆ, ತಂಪಾಗಿದೆ, ನೆಲಕ್ಕೆ ಹಾಸಿದ ರತ್ನಗಂಬಳಿಯ ಮೇಲೆ ಎಷ್ಟು ಹೊತ್ತು ಕುಳಿತರೂ ಯಾರೂ ಎಬ್ಬಿಸುವುದಿಲ್ಲ. ಪ್ರವಾಸಿಗರ ಬಸ್ಸುಗಳು ಇಲ್ಲಿಗೆ ಬರುವುದು ಕಡಿಮೆ. ಪಚ್ಚೆ ಬುದ್ಧನೆದುರು ಸಿಗದ ಸಮಾಧಾನ ಇಲ್ಲಿ ಸಿಗುತ್ತದೆ.

ದೇವಾಲಯದ ಮುಂದಿನ ವೃತ್ತದಲ್ಲಿ ಕೆಂಪು ಬಣ್ಣ ಬಳಿದ, 20 ಮೀಟರಿಗೂ ಎತ್ತರವಾದ ತೇಗದ ಕಂಬಗಳ ಉಯ್ಯಾಲೆಯ ಚೌಕಟ್ಟು ನಿಂತಿದೆ. ಆಸ್ಥಾನದ ಬ್ರಾಹ್ಮಣರು ನಡೆಸುತ್ತಿದ್ದ ಹಬ್ಬದಲ್ಲಿ ಅದಕ್ಕೆ ಉಯ್ಯಾಲೆ ಕಟ್ಟಿ ಜೀಕುತ್ತಿದ್ದರು. 1935ರಿಂದ ಜೀಕುವುದು ನಿಂತಿದೆ. ಪಕ್ಕದ ರಸ್ತೆಯಲ್ಲೇ ಆ ಬ್ರಾಹ್ಮಣರ ದೇವಸ್ಥಾನವಿದೆ. ಶಿವ, ಗಣಪತಿ, ವಿಷ್ಣು ಮೂವರಿಗೂ ಅಲ್ಲಿ ಗುಡಿಗಳಿವೆ. ಬೌದ್ಧ ರಾಜ್ಯವೊಂದರ ಪಟ್ಟಾಭಿಷೇಕದ ವಿಧಿಗಳನ್ನು ಇವತ್ತಿಗೂ ಬ್ರಾಹ್ಮಣರು ನೆರವೇರಿಸುತ್ತಾರೆಂಬುದನ್ನು ಪುಸ್ತಕದಲ್ಲಿ ಓದುವುದಕ್ಕೂ, ಬುದ್ಧನ ಮಂದಿರದಿಂದ ಹೊರಬಂದು ಐದು ನಿಮಿಷದಲ್ಲಿ ಗಣಪತಿಯ ಮುಂದೆ ನಿಲ್ಲುವುದಕ್ಕೂ ಬಹಳ ವ್ಯತ್ಯಾಸವಿದೆ. ಸಾಮ್ ಯೋತ್ ಮೆಟ್ರೊ ನಿಲ್ದಾಣದಿಂದ ಇಲ್ಲಿಗೆ ನಡೆದೇ ಬರಬಹುದು.

ಅಲ್ಲಿಂದ ಹದಿನೈದು ನಿಮಿಷದೊಳಗಿನ ನಡಿಗೆಯಲ್ಲಿ ಬಂಗಾರದ ಗುಡ್ಡ ಮತ್ತು ಲೋಹ ಪ್ರಾಸಾದ ಒಂದರ ಹತ್ತಿರ ಒಂದು ಇವೆ. ಬಂಗಾರದ ಗುಡ್ಡ ಮನುಷ್ಯರು ಕಟ್ಟಿದ ದಿಬ್ಬ. ಸುತ್ತುತ್ತಾ ಏರುವ 344 ಮೆಟ್ಟಿಲುಗಳು ಅಗಲವಾಗಿವೆ, ಏರು ಸಲೀಸಾಗಿದೆ, ದಾರಿಯಲ್ಲಿ ಬಾರಿಸಲು ಗಂಟೆಗಳಿವೆ. ಜನರು ಮುಖ್ಯವಾಗಿ ಮೇಲಿನಿಂದ ಕಾಣುವ ಊರಿನ ನೋಟಕ್ಕಾಗಿ ಹತ್ತುತ್ತಾರೆ. ನಮಗೆ ಮುಖ್ಯವಾಗಬೇಕಾದುದು ಸ್ತೂಪದೊಳಗಿನ ಧಾತು, ಅಂದರೆ ಪವಿತ್ರ ಅವಶೇಷ. 1898ರಲ್ಲಿ ಈಗಿನ ಉತ್ತರ ಪ್ರದೇಶದ ಪಿಪ್ರಾಹ್ವಾದ ಸ್ತೂಪವನ್ನು ಅಗೆದಾಗ ದೊರೆತ ಬುದ್ಧನ ಅಸ್ಥಿಗಳೆಂದು ನಂಬಲಾದ ಅವಶೇಷಗಳನ್ನು ಅಂದಿನ ಬ್ರಿಟಿಷ್ ಸರ್ಕಾರ ಸಯಾಮಿನ (ಇಂದಿನ ಥಾಯ್ಲೆಂಡಿನ) ದೊರೆ ಚುಲಾಲೊಂಗ್‌ಕೋರ್ನನಿಗೆ ಒಪ್ಪಿಸಿತು. ಅದರ ಒಂದು ಭಾಗವನ್ನು ಇರಿಸಿರುವುದು ಇಲ್ಲಿ. ಲೋಹ ಪ್ರಾಸಾದದ ಲೋಹದ 37 ಶಿಖರಗಳು ಬೋಧಿಗೆ, ಅಂದರೆ ಜ್ಞಾನೋದಯಕ್ಕೆ, ಸಹಾಯಕವಾದ 37 ಗುಣಗಳನ್ನು ಸೂಚಿಸುತ್ತವೆ. ಒಳಗೆ ಪೂಜಾಮಂದಿರಕ್ಕಿಂತ ಹೆಚ್ಚಾಗಿ ಉದ್ದುದ್ದ ಓಣಿಗಳು, ನಡುವೆ ಸುರುಳಿ ಮೆಟ್ಟಿಲು ಇವೆ. ಎರಡರಲ್ಲಿ ಒಂದೇ ಎಂದಾದರೆ ಬಂಗಾರದ ಗುಡ್ಡವನ್ನು ಸಂಜೆಯ ಹೊತ್ತಿಗೆ ಇಟ್ಟುಕೊಳ್ಳಿ. ಲೋಹ ಪ್ರಾಸಾದ ಅಲ್ಲಿಂದಲೇ ಕೆಳಗೆ ಪೂರ್ತಿಯಾಗಿ ಕಾಣುತ್ತದೆ.

ದೂರದವು

ಚೀನಿಯರ ಪೇಟೆಯ ವಾಟ್ ತ್ರೈಮಿತ್‌ನಲ್ಲಿ ಐದೂವರೆ ಟನ್ ತೂಕದ ಚಿನ್ನದ ಬುದ್ಧನಿದ್ದಾನೆ. ಗಾರೆ ಮೆತ್ತಿದ್ದ ಮೂರ್ತಿಯನ್ನು 1955ರಲ್ಲಿ ಸ್ಥಳಾಂತರಿಸುವಾಗ ಗಾರೆ ಒಡೆದು ಒಳಗಿನ ಚಿನ್ನ ಬೆಳಕಿಗೆ ಬಂತು. ಕಥೆ ರೋಚಕ, ನೋಡುವುದಕ್ಕೆ ಇರುವುದು ಒಂದು ಮೂರ್ತಿ, ಅರ್ಧ ಗಂಟೆ ಸಾಕು. ದುಸಿತ್ ಪ್ರದೇಶದ ವಾಟ್ ಬೆಂಚಮಬೊಫಿತ್ ಇಟಲಿಯ ಕರಾರಾ ಅಮೃತಶಿಲೆಯಿಂದ ಕಟ್ಟಿದ್ದು. ಅದರ ಹಿಂದಿನ ಮೊಗಸಾಲೆಯಲ್ಲಿ ಬೇರೆ ಬೇರೆ ಕಾಲದ, ಬೇರೆ ಬೇರೆ ನಾಡುಗಳ ಶೈಲಿಯ ಐವತ್ತಕ್ಕೂ ಹೆಚ್ಚು ಬುದ್ಧ ಮೂರ್ತಿಗಳನ್ನು ಸಾಲಾಗಿ ಇಟ್ಟಿರುವುದರಿಂದ ಶಿಲ್ಪದಲ್ಲಿ ಆಸಕ್ತಿಯುಳ್ಳವರು ಟ್ಯಾಕ್ಸಿ ಹಿಡಿದಾದರೂ ಹೋಗಬೇಕು. ಬೆಳಗಿನ ಜಾವ ಹೋದರೆ ಭಿಕ್ಷುಗಳು ದೇವಾಲಯದ ಮುಂದೆಯೇ ನಿಂತು ಜನರಿಂದ ಅನ್ನ ಸ್ವೀಕರಿಸುವುದನ್ನೂ ಕಾಣಬಹುದು. ಪಶ್ಚಿಮದ ವಾಟ್ ಪಾಕ್‌ನಾಮ್‌ನ 69 ಮೀಟರ್ ಎತ್ತರದ ಬುದ್ಧ ಇತ್ತೀಚಿನದು. ಬಾಂಗ್ ಫೈ ಮೆಟ್ರೊ ನಿಲ್ದಾಣದಿಂದ ನಡೆದು ಹೋಗಬಹುದು, ಪ್ರವೇಶ ಉಚಿತ. ಸಮಯ ಉಳಿದರೆ ನೋಡಬಹುದಾದದ್ದು, ಉಳಿಯದಿದ್ದರೆ ಕೊರಗಬೇಕಾದದ್ದೇನಲ್ಲ.

ಬೈಲಕುಪ್ಪೆಯ ನಮ್‌ಡ್ರೋಲಿಂಗ್ ಮಠವನ್ನು ಕಂಡವರು ಇಲ್ಲಿ ಅದೇ ಬಗೆಯ ಮೂರ್ತಿಗಳನ್ನು ನಿರೀಕ್ಷಿಸಬಾರದು. ಅದು ಟಿಬೆಟಿನ ಪರಂಪರೆ, ಪದ್ಮಸಂಭವ, ಅಮಿತಾಯುಗಳ ಸನ್ನಿಧಿ; ಇದು ತೇರವಾದ ಎಂಬ ಬೌದ್ಧ ಪರಂಪರೆ, ಇಲ್ಲಿ ಬಹುಮಟ್ಟಿಗೆ ಶಾಕ್ಯಮುನಿಯೊಬ್ಬನೇ ನಿಂತು, ಕುಳಿತು, ಮಲಗಿ ದರ್ಶನ ಕೊಡುತ್ತಾನೆ.

ಬಾಗಿಲಲ್ಲಿ ತಿಳಿದಿರಬೇಕಾದವು

ಒಬ್ಬರೇ ನಕ್ಷೆ ನೋಡುತ್ತಾ ನಿಂತವರ ಬಳಿಗೆ ಅರಮನೆಯ ಆಸುಪಾಸಿನಲ್ಲಿ ಶುಭ್ರವಾಗಿ ಉಡುಪು ತೊಟ್ಟ ಯಾರಾದರೂ ಬಂದು, ಇವತ್ತು ಅರಮನೆ ಮುಚ್ಚಿದೆ, ಬೇರೆ ದೇವಾಲಯಗಳನ್ನು ತೋರಿಸಲು ಅಗ್ಗದಲ್ಲಿ ಟುಕ್‌ಟುಕ್ ಗೊತ್ತುಮಾಡಿಕೊಡುತ್ತೇನೆ ಎಂದು ಹೇಳಿದರೆ, ವಿನಯದಿಂದ ಬೇಡವೆಂದು ಮುಂದೆ ನಡೆಯಬೇಕು. ಆ ಟುಕ್‌ಟುಕ್ ಕೊನೆಗೆ ಮುಟ್ಟುವುದು ಹರಳಿನ ಅಂಗಡಿಗೋ ದರ್ಜಿಯ ಅಂಗಡಿಗೋ. ತೆರೆದಿದೆಯೇ ಮುಚ್ಚಿದೆಯೇ ಎಂಬುದನ್ನು ಟಿಕೆಟ್ ಕೊಡುವ ಬಾಗಿಲಿನಲ್ಲಿ ಮಾತ್ರ ವಿಚಾರಿಸಬೇಕು.

ಭುಜ, ಮಂಡಿ ಮುಚ್ಚುವ ಉಡುಪು ಎಲ್ಲ ಕಡೆ ಅಗತ್ಯ, ಅರಮನೆಯಲ್ಲಿ ಕಟ್ಟುನಿಟ್ಟು. ಸಲ್ವಾರ್, ಹತ್ತಿಯ ಪೈಜಾಮ ಧಾರಾಳವಾಗಿ ನಡೆಯುತ್ತದೆ. ಚಪ್ಪಲಿ ಕಳಚುವುದು ನಮಗೆ ಹೊಸದಲ್ಲ. ಆದರೆ ಕುಳಿತಾಗ ಅಂಗಾಲು ಬುದ್ಧನ ಕಡೆಗೆ ಚಾಚದಂತೆ ಕಾಲನ್ನು ಹಿಂದಕ್ಕೆ ಮಡಚಿಕೊಳ್ಳಬೇಕು. ಮಹಿಳೆಯರು ಭಿಕ್ಷುಗಳನ್ನು ಸೋಕುವಂತಿಲ್ಲ. ಏನನ್ನಾದರೂ ಕೊಡಬೇಕಾದರೆ ಭಿಕ್ಷು ಹಾಸಿದ ಬಟ್ಟೆಯ ಮೇಲೆ ಇಡಬೇಕು. ಇದು ವಿನಯವೆಂದು ಕರೆಯುವ ಅವರ ಭಿಕ್ಷುಸಂಘದ ಶಿಸ್ತಿನ ನಿಯಮವೇ ಹೊರತು ಹೆಣ್ಣಿನ ಮೇಲಿನ ಅಸಡ್ಡೆಯಲ್ಲ ಎಂದು ತಿಳಿದಿದ್ದರೆ ಒಬ್ಬರೇ ಬಂದ ಮಹಿಳೆಯರಿಗೆ ಮುಜುಗರವಾಗುವುದಿಲ್ಲ.

ಒಂದೇ ದಿನ ಇರುವವರು ಬೆಳಿಗ್ಗೆ ವಾಟ್ ಫೋ, ಬಿಸಿಲಿನ ಹೊತ್ತು ವಾಟ್ ಸುತಾತ್ ಭವನದ ತಂಪು, ಸಂಜೆ ಬಂಗಾರದ ಗುಡ್ಡ ಅಥವಾ ನದಿಯ ದಡ ಎಂದು ಹೊಂದಿಸಿಕೊಳ್ಳಲಿ. ಎರಡನೆಯ ದಿನವಿದ್ದರೆ ವಾಟ್ ಅರುಣ್ ಮತ್ತು ವಾಟ್ ಫ್ರಾ ಕೇವ್ ಎರಡಕ್ಕೂ ಬೆಳಗಿನ ಹೊತ್ತೇ ಬೇಕಾಗುವುದರಿಂದ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ; ರಾಮಾಯಣದ ಚಿತ್ರಗಳು ಬೇಕೆನ್ನುವವರು ಎರಡನೆಯದಕ್ಕೆ, ಕುಶಲ ಕೆಲಸವನ್ನು ಹತ್ತಿರದಿಂದ ನೋಡಬೇಕೆನ್ನುವವರು ಮೊದಲನೆಯದಕ್ಕೆ ಹೋಗಲಿ. ನೋಡುವುದಕ್ಕಿಂತ ಧ್ಯಾನ ಕಲಿಯುವುದೇ ಉದ್ದೇಶವಾದವರಿಗೆ ಅರಮನೆಯ ಉತ್ತರಕ್ಕಿರುವ, ಬೌದ್ಧ ವಿಶ್ವವಿದ್ಯಾಲಯದ ಮೂಲನೆಲೆಯೂ ಆದ ವಾಟ್ ಮಹಾತಾತ್ ತಕ್ಕುದು. ಹೊರಡುವ ದಿನಾಂಕವನ್ನು ಆರಿಸಿಕೊಳ್ಳಲು ಸಾಧ್ಯವಿದ್ದರೆ ಪಂಚಾಂಗ ತೆರೆದು ಹುಣ್ಣಿಮೆ, ಅಮಾವಾಸ್ಯೆ ಅಥವಾ ಅಷ್ಟಮಿ ಆ ದಿನಗಳೊಳಗೆ ಬರುತ್ತದೆಯೇ ನೋಡಿ. ಅವು ಥಾಯ್ ಬೌದ್ಧರಿಗೆ ಧರ್ಮಶ್ರವಣದ ದಿನಗಳು, ಊರಿನವರೇ ಹೂವು, ಊದುಬತ್ತಿ ಹಿಡಿದು ತಮ್ಮ ತಮ್ಮ ದೇವಾಲಯಗಳಿಗೆ ಬರುತ್ತಾರೆ, ಪಾಲಿ ಪಠಣವನ್ನು ಹಿಂದಿನ ಸಾಲಿನಲ್ಲಿ ಕುಳಿತು ಕೇಳಲು ಪ್ರವಾಸಿಗರಿಗೂ ಅಡ್ಡಿಯಿರುವುದಿಲ್ಲ.